ಟ್ರಂಕಿನಿಂದ ಲಾಂಗ್ ರೋಲ್‌ವರೆಗೆ: ದೊಡ್ಡಜ್ಜನ ಯುದ್ಧದ ದಾಖಲೆ ಹುಡುಕಿದ್ದು

ಕೈಯಲ್ಲಿ ಇದ್ದದ್ದು ಇಷ್ಟು: ಮಡಿಕೆ ಮಡಿಕೆಯಲ್ಲೂ ಹರಿದಿದ್ದ ಒಂದು ಡಿಸ್ಚಾರ್ಜ್ ಸರ್ಟಿಫಿಕೇಟು, ರಿಬ್ಬನ್ ಇಲ್ಲದ, ಆರು ಮೂಲೆಯ ಎರಡು ನಕ್ಷತ್ರ ಪದಕ, ಒಂದು ದುಂಡು ಪದಕ, ಯೂನಿಫಾರ್ಮಿನಲ್ಲಿ ತೆಗೆಸಿಕೊಂಡ ಒಂದು ಸ್ಟುಡಿಯೋ ಫೋಟೋ. ಜೊತೆಗೆ ಅಜ್ಜಿಯ ಬಾಯಲ್ಲಿ ಉಳಿದ ಎರಡು ಮಾತು. ದೊಡ್ಡಜ್ಜ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದರು. ಸಿಂಗಾಪುರಕ್ಕೆ ಹೋಗಿ ಬಂದಿದ್ದರು.

ದೊಡ್ಡಜ್ಜ ಅಂದರೆ ನನ್ನ ಅಜ್ಜನ ಅಣ್ಣ. ಸಾಗರ ತಾಲ್ಲೂಕಿನ ಕರೂರು ಹೋಬಳಿ ಕಡೆಯವರು. ಆ ಊರು ಈಗ ಇಲ್ಲ, ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಎರಡನೇ ಮಹಾಯುದ್ಧ ಮುಗಿಸಿ ಜೀವಂತ ವಾಪಸ್ ಬಂದರು, ತೋಟ ಮಾಡಿದರು, ಮುಳುಗಡೆಯಲ್ಲಿ ತೋಟ ಕಳೆದುಕೊಂಡರು, 1970ರ ದಶಕದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಹಾಗಾಗಿ ಅವರ ಕಥೆ ಯಾರ ಪಾಲಿಗೂ ಬರಲಿಲ್ಲ. ಅದನ್ನು ಕಾಗದದ ಮೇಲೆ ತರಬೇಕು ಅನ್ನುವುದೇ ಈ ಕೆಲಸದ ಉದ್ದೇಶ.

ಇಂಥ ಹುಡುಕಾಟ ಶುರು ಮಾಡುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಾಪಸ್ ಬಂದ ಸಾಮಾನ್ಯ ಸಿಪಾಯಿಯ ಹೆಸರು ಆನ್‌ಲೈನ್‌ನಲ್ಲಿ ಸಿಗುವುದು ಬಹಳ ಅಪರೂಪ. ಸಿಗುವುದು ಸತ್ತವರದ್ದು, ಅಧಿಕಾರಿಗಳದ್ದು, ಶೌರ್ಯ ಪದಕ ಪಡೆದವರದ್ದು. 1939ರಲ್ಲಿ ಸುಮಾರು 2 ಲಕ್ಷ ಇದ್ದ ಭಾರತೀಯ ಸೈನ್ಯ 1945ರ ಹೊತ್ತಿಗೆ ಸುಮಾರು 25 ಲಕ್ಷಕ್ಕೆ ಬೆಳೆದಿತ್ತು. ಅಷ್ಟು ಜನರಲ್ಲಿ ಹೆಚ್ಚಿನವರು ಸುಮ್ನೆ ಮನೆಗೆ ಬಂದು ಗದ್ದೆಗೆ ಇಳಿದವರು. ಅವರನ್ನು ಹೆಸರಿನಿಂದ ಹುಡುಕುತ್ತಾ ಕೂತರೆ ಏನೂ ಸಿಗುವುದಿಲ್ಲ. ಅವರ ತುಕಡಿಯನ್ನು ಹುಡುಕಬೇಕು. ತುಕಡಿ ಗೊತ್ತಾಗಬೇಕಾದರೆ ಸೈನ್ಯದ ನಂಬರ್ ಬೇಕು. ಆ ನಂಬರ್ ಬಹುಮಟ್ಟಿಗೆ ಮನೆಯಲ್ಲೇ ಎಲ್ಲೋ ಇರುತ್ತದೆ.

ಮೊದಲು ಕಾಗದ

ನಮ್ಮ ಟ್ರಂಕು ಅಡುಗೆಮನೆಯ ಮೇಲಿನ ಅಟ್ಟದಲ್ಲಿತ್ತು. ಅದು ಪುಣ್ಯ. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ, ಕಾಗದದ ಮಾತು ಬಿಡಿ. ಒಲೆಯ ಬಿಸಿಗೆ ಟ್ರಂಕು ಒಣಗಿಯೇ ಇತ್ತು. ಕಾಗದ ಹೊಗೆ ವಾಸನೆ ಹೊಡೆಯುತ್ತಿತ್ತು, ಕಂದು ಬಣ್ಣಕ್ಕೆ ತಿರುಗಿತ್ತು, ಆದರೆ ಬೂಸ್ಟು ಇರಲಿಲ್ಲ. ಬೆಳ್ಳಿಮೀನು ಹುಳ ಒಂದು ಮೂಲೆ ತಿಂದಿತ್ತು ಅಷ್ಟೇ.

ಬಿಡಿಸುವ ಕೆಲಸ ದೀಪಾವಳಿ ಕಳೆದ ಮೇಲೆ ಇಟ್ಟುಕೊಂಡೆ. ಮಳೆಗಾಲದಲ್ಲಿ ಹಳೇ ಕಾಗದ ಬಿಡಿಸಬೇಡಿ. ಗಾಳಿಯ ತೇವ ಹೀರಿಕೊಂಡು ಮೆತ್ತಗಾಗುತ್ತದೆ ನಿಜ, ಆದರೆ ಅದೇ ತೇವದಲ್ಲಿ ಭಾರ ಹೇರಿಟ್ಟರೆ ಬೂಸ್ಟು ಖಂಡಿತ. ಒಣ ದಿನಗಳಲ್ಲಿ ಒಂದು ಉಪಾಯ ಮಾಡಬಹುದು. ಅಗಲವಾದ ಮುಚ್ಚಳದ ಡಬ್ಬಿ. ತಳದಲ್ಲಿ ಹಿಂಡಿದ ಒದ್ದೆ ಬಟ್ಟೆ. ಅದರ ಮೇಲೆ ಜಾಲರಿ ತಟ್ಟೆ, ತಟ್ಟೆಯ ಮೇಲೆ ಕಾಗದ. ನೀರು ತಾಗಬಾರದು, ಆವಿ ಮಾತ್ರ ತಾಗಬೇಕು. ಕೆಲವು ಗಂಟೆಗಳಲ್ಲಿ ಮಡಿಕೆ ತಾನಾಗಿ ಸಡಿಲವಾಗುತ್ತದೆ. ಆಮೇಲೆ ಅಚ್ಚಿಲ್ಲದ ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ, ಹಾಳೆ ಬದಲಾಯಿಸುತ್ತಾ ಒಣಗಿಸಬೇಕು. ಇಂಕು ಹರಡುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಹತ್ತಿಗೆ ಒಂದೇ ಒಂದು ಹನಿ ನೀರು ಮುಟ್ಟಿಸಿ, ಬರಹವಿಲ್ಲದ ಕಡೆಯ ಮೊಹರಿನ ಅಂಚಿಗೆ ತಾಗಿಸಿದರೆ ಗೊತ್ತಾಗುತ್ತದೆ. ನಮ್ಮದರಲ್ಲಿ ನೇರಳೆ ಮೊಹರು ತಕ್ಷಣ ಬಣ್ಣ ಬಿಟ್ಟಿತು. ಹಾಗಾಗಿ ಆವಿಯೂ ಬೇಡ ಎಂದು ಬಿಟ್ಟು, ಬರೀ ಭಾರ ಹೇರಿ ನಿಧಾನಕ್ಕೆ ಚಪ್ಪಟೆ ಮಾಡಿದೆ.

ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಮಾಡಲೇಬೇಡಿ. ಬಿಸಿ ಮಾಡಿ ಪ್ಲಾಸ್ಟಿಕ್ ಒಳಗೆ ಸೇರಿಸಿದ ಕಾಗದವನ್ನು ಮತ್ತೆ ಹೊರಗೆ ತೆಗೆಯಲು ಆಗುವುದಿಲ್ಲ. ಪೇಟೆಯಲ್ಲಿ ಎಷ್ಟೋ ಮನೆಗಳ ಹಳೇ ಪತ್ರಗಳು ಹೀಗೆ ಹಾಳಾಗಿದ್ದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಮಾಸಿದ ಬರಹ ಓದಿದ್ದು

ಸರ್ಟಿಫಿಕೇಟಿನ ಅಚ್ಚು ಚೆನ್ನಾಗಿಯೇ ಕಾಣುತ್ತಿತ್ತು. ಕೈಬರಹ ಮಾತ್ರ ಮಾಸಿತ್ತು, ಮುಖ್ಯವಾದ ಸಾಲಿನ ಮೇಲೇ ನೇರಳೆ ಮೊಹರು ಬಿದ್ದಿತ್ತು. ಕಣ್ಣಿನಿಂದ ಓದಲು ಸಾಧ್ಯವೇ ಇರಲಿಲ್ಲ.

ಇದಕ್ಕೆ ದುಬಾರಿ ಯಂತ್ರ ಬೇಡ. ಫೋನ್ ಸಾಕು. ಆದರೆ ಸ್ಕ್ಯಾನರ್ ಆ್ಯಪ್ ಬೇಡ. ಅವು ಚಿತ್ರವನ್ನು ಕಪ್ಪು ಬಿಳುಪು ಮಾಡಿ ಪೆನ್ಸಿಲ್ ಗುರುತನ್ನೆಲ್ಲ ಅಳಿಸಿಹಾಕುತ್ತವೆ. ಮಾಮೂಲಿ ಕ್ಯಾಮೆರಾದಲ್ಲಿ, ಹಗಲು ಬೆಳಕಿನಲ್ಲಿ, ಜಗಲಿಯ ನೆರಳಲ್ಲಿ ಕಪ್ಪು ಬಟ್ಟೆಯ ಮೇಲೆ ಇಟ್ಟು ತೆಗೆಯಿರಿ. ಪೂರ್ತಿ ಹಾಳೆಯದ್ದು ಒಂದು, ಆಮೇಲೆ ತುಂಡು ತುಂಡಾಗಿ ಹತ್ತಿರದಿಂದ. ಬಂಧುಗಳಿಗೆ ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅಕ್ಷರ ಕಲಸಿಹೋಗುತ್ತದೆ.

ಆಮೇಲೆ ಗಿಂಪ್. ಉಚಿತ ತಂತ್ರಾಂಶ, ಹಳೇ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಅದರಲ್ಲಿ ಕಲರ್ಸ್, ಕಾಂಪೊನೆಂಟ್ಸ್, ಡಿಕಂಪೋಸ್ ಎಂದು ಒತ್ತಿದರೆ ಚಿತ್ರ ಮೂರು ಪದರವಾಗುತ್ತದೆ: ಕೆಂಪು, ಹಸಿರು, ನೀಲಿ. ಮೂರನ್ನೂ ಬೇರೆ ಬೇರೆಯಾಗಿ ನೋಡಬಹುದು. ಕಂದು ಇಂಕು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ, ಹಾಗಾಗಿ ನೀಲಿ ಪದರದಲ್ಲಿ ಗಾಢವಾಗಿ ಕಾಣುತ್ತದೆ. ನೇರಳೆ ಮೊಹರು ನೀಲಿಯನ್ನು ವಾಪಸ್ ಕಳಿಸುತ್ತದೆ, ಹಾಗಾಗಿ ಅದೇ ಪದರದಲ್ಲಿ ತೆಳುವಾಗುತ್ತದೆ. ನೀಲಿ ಪದರವೊಂದನ್ನೇ ಇಟ್ಟುಕೊಂಡು ಕಾಂಟ್ರಾಸ್ಟ್ ಏರಿಸಿದೆ. ಮೊಹರು ಹಿಂದೆ ಸರಿಯಿತು, ಕೆಳಗಿನ ಕೈಬರಹ ಮುಂದೆ ಬಂತು. ಹಸಿರು ಪದರದಲ್ಲಿ ಇದರ ಉಲ್ಟಾ. ಅಲ್ಲಿ ಮೊಹರು ಕಪ್ಪಾಗಿ ನಿಂತಿತು, ಅದರಲ್ಲಿ ಬೆಂಗಳೂರು ಎಂಬ ಹೆಸರು ಸ್ಪಷ್ಟವಾಗಿ ಓದಲು ಬಂತು.

ನಂಬರ್ ಸಿಕ್ಕಿತು. ಹೆಸರು, ತಂದೆಯ ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ. ಎಡಗೆನ್ನೆಯ ಮೇಲೆ ಮಚ್ಚೆ ಎಂಬ ಗುರುತು. ಕೆಲಸ: ಡ್ರೈವರ್. ತುಕಡಿ: ಆರ್.ಐ.ಎ.ಎಸ್.ಸಿ., ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಅದರ ಮುಂದೆ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯ ಸಂಖ್ಯೆ. ಬಿಡುಗಡೆಯಾದದ್ದು 1946ರಲ್ಲಿ, ಯುದ್ಧ ಮುಗಿದು ಸೈನ್ಯ ಕರಗಿಸಿದಾಗ. ಸೇರಿದ ವರ್ಷದ ಕೊನೆಯ ಅಂಕಿ ಮಾತ್ರ ಸರಿಯಾಗಿ ಮಡಿಕೆಯ ಮೇಲೆ ಇತ್ತು. 194 ಅಂತ ಕಾಣುತ್ತದೆ, ಆಮೇಲೆ ತೂತು. ಈ ಒಂದು ಅಂಕಿಗಾಗಿ ಆಮೇಲೆ ಜಾಸ್ತಿ ಓಡಾಡಬೇಕಾಯಿತು.

ಪದಕದ ಅಂಚು

ಎರಡನೇ ಮಹಾಯುದ್ಧದ ಪದಕಗಳಲ್ಲಿ ಒಂದು ವಿಶೇಷ ಇದೆ. ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದ ಪದಕ ಕೊಟ್ಟರು. ಭಾರತದ ಸೈನಿಕರಿಗೆ ಕೊಟ್ಟ ಬಹಳಷ್ಟು ಪದಕಗಳಲ್ಲಿ ನಂಬರ್, ದರ್ಜೆ, ಹೆಸರು, ತುಕಡಿ ಕೊರೆದಿರುತ್ತಾರೆ. ದುಂಡು ಪದಕದಲ್ಲಾದರೆ ಅಂಚಿನ ಮೇಲೆ, ನಕ್ಷತ್ರದಲ್ಲಾದರೆ ಹಿಂಬದಿಯಲ್ಲಿ. ಹಾಗಾಗಿ ಕಾಗದ ಹೋದ ಮನೆಯಲ್ಲೂ ಪದಕ ಉಳಿದಿದ್ದರೆ ಅರ್ಧ ಕೆಲಸ ಆದ ಹಾಗೆ.

ಹುಣಸೆಹಣ್ಣು ಹಾಕಿ ಉಜ್ಜಬೇಡಿ. ನಮ್ಮ ಕಡೆ ಹಿತ್ತಾಳೆ ಕಂಡರೆ ಕೈ ತಾನಾಗಿ ಹುಣಸೆಹಣ್ಣಿಗೆ ಹೋಗುತ್ತದೆ, ಅಲ್ವಾ? ಆ ಹುಳಿಗೆ ತೆಳುವಾದ ಕೊರೆತ ಇನ್ನಷ್ಟು ಸವೆಯುತ್ತದೆ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿ ಸಾಕು. ಕೋಣೆ ಕತ್ತಲೆ ಮಾಡಿ, ಫೋನಿನ ಟಾರ್ಚನ್ನು ಅಂಚಿಗೆ ಸಮವಾಗಿ ಪಕ್ಕದಿಂದ ಹಿಡಿಯಿರಿ. ಮೇಲಿನಿಂದ ಬೆಳಕು ಬಿಟ್ಟರೆ ಬರೀ ಹೊಳಪು. ಪಕ್ಕದಿಂದ ಬಿಟ್ಟರೆ ಕೊರೆದ ಪ್ರತಿ ಗೆರೆಗೂ ನೆರಳು ಬೀಳುತ್ತದೆ. ಪದಕವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಅಕ್ಷರ ಬರೆದುಕೊಂಡೆ. ಬಟರ್ ಪೇಪರ್ ಸುತ್ತಿ ಮೆತ್ತನೆ ಪೆನ್ಸಿಲ್ ಆಡಿಸಿದಾಗಲೂ ಅಚ್ಚು ಮೂಡಿತು. ಕಾಗದದ ನಂಬರೂ ಅಂಚಿನ ನಂಬರೂ ಒಂದೇ.

ನಕ್ಷತ್ರಗಳು ಇನ್ನೊಂದು ವಿಷಯ ಹೇಳಿದವು. ನಡುವಿನ ವೃತ್ತದಲ್ಲಿ ಯಾವ ನಕ್ಷತ್ರ ಎಂದು ಬರೆದಿರುತ್ತದೆ. ಒಂದು 1939–45 ಸ್ಟಾರ್, ಇನ್ನೊಂದು ಬರ್ಮಾ ಸ್ಟಾರ್. 1942ರ ಫೆಬ್ರವರಿ 15ರಂದು ಜಪಾನಿಯರ ವಶವಾದ ಸಿಂಗಾಪುರದಲ್ಲಿ ಹೋರಾಡಿದ್ದರೆ ಸಿಗಬೇಕಾದದ್ದು ಪೆಸಿಫಿಕ್ ಸ್ಟಾರ್. ಬರ್ಮಾ ಸ್ಟಾರ್ ಬರ್ಮಾದಲ್ಲಿ ಹೋರಾಡಿದವರಿಗೆ, ಜೊತೆಗೆ ಅಸ್ಸಾಂ ಮತ್ತು ಬಂಗಾಳದ ಗಡಿ ಪ್ರದೇಶದಲ್ಲಿ ಯುದ್ಧದ ಕೆಲಸ ಮಾಡಿದವರಿಗೆ. ಅಂದರೆ ದೊಡ್ಡಜ್ಜ ಈಶಾನ್ಯದ ಕಡೆ ಇದ್ದವರು. ಹಾಗಾದರೆ ಅಜ್ಜಿ ಹೇಳುತ್ತಿದ್ದ ಸಿಂಗಾಪುರ? ಅದನ್ನು ಹಾಗೇ ಬರೆದಿಟ್ಟುಕೊಂಡು ಮುಂದೆ ಹೋದೆ. ಮನೆಯವರ ಮಾತನ್ನು ದಾಖಲೆಯಲ್ಲಿಲ್ಲ ಎಂದು ಹೊಡೆದುಹಾಕುವುದು ಸರಿಯಲ್ಲ.

ಮಹಾರಾಜರ ಸೈನ್ಯವೋ, ಬ್ರಿಟಿಷರ ಸೈನ್ಯವೋ

ಶಿವಮೊಗ್ಗದವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನಮ್ಮದು ಮೈಸೂರು ಸಂಸ್ಥಾನ. ಇಲ್ಲಿನ ಹುಡುಗರು ಎರಡು ಕಡೆ ಸೇರುತ್ತಿದ್ದರು. ಕೆಲವರು ಮಹಾರಾಜರ ಸ್ವಂತ ಪಡೆಗೆ, ಕೆಲವರು ಬೆಂಗಳೂರು ದಂಡಿನಲ್ಲಿದ್ದ ಬ್ರಿಟಿಷ್ ಇಂಡಿಯನ್ ಆರ್ಮಿಗೆ. ಎರಡರ ದಾಖಲೆಯೂ ಬೇರೆ ಬೇರೆ ದಾರಿ ಹಿಡಿದಿವೆ.

ಮುತ್ತಜ್ಜ ಮೊದಲನೇ ಮಹಾಯುದ್ಧಕ್ಕೆ ಹೋಗಿದ್ದರು, ಕುದುರೆ ಇತ್ತು ಎಂದು ಮನೆಯಲ್ಲಿ ಹೇಳಿದರೆ ಮೈಸೂರು ಲ್ಯಾನ್ಸರ್ಸ್ ಕಡೆ ನೋಡಿ. ಅವರು ಮೊದಲು ಸೂಯೆಜ್ ಕಾಲುವೆ ಕಾದವರು. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರ ಲ್ಯಾನ್ಸರ್ಸ್ ಜೊತೆ ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳು ಮೈಸೂರು, ಜೋಧ್‌ಪುರ, ಹೈದರಾಬಾದ್ ಈ ಮೂರು ಲ್ಯಾನ್ಸರ್ ಪಡೆಗಳದ್ದೇ. ಈ ಪಡೆಗಳಿದ್ದ ಬ್ರಿಗೇಡಿನ ಯುದ್ಧದ ಡೈರಿಗಳು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯು.ಒ. 95 ಎಂಬ ಸಾಲಿನಲ್ಲಿವೆ. ಎರಡನೇ ಯುದ್ಧದಲ್ಲಿ ಒಂದನೇ ಮೈಸೂರು ಇನ್‌ಫೆಂಟ್ರಿ ಸಿಂಗಾಪುರದಲ್ಲಿತ್ತು, ಪಡೆಗೆ ಪಡೆಯೇ ಜಪಾನಿಯರ ಸೆರೆಯಾಯಿತು. ಸೆರೆಯಿಂದ ಬಾರದವರ ಹೆಸರು ಸಿಂಗಾಪುರದ ಕ್ರಾಂಜಿ ಸ್ಮಾರಕದ ಗೋಡೆಗಳಲ್ಲಿ ಹುಡುಕಬೇಕು. ಸಂಸ್ಥಾನದ ಆಡಳಿತದ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರಕ್ಕೇ ಹೋಗಬೇಕು.

ನಮ್ಮ ದೊಡ್ಡಜ್ಜನದು ಎರಡನೇ ದಾರಿ. ಆರ್.ಐ.ಎ.ಎಸ್.ಸಿ. ಅಂದರೆ ಸೈನ್ಯಕ್ಕೆ ಅಕ್ಕಿ, ಪೆಟ್ರೋಲು, ಗುಂಡು ಹೊತ್ತು ಹಾಕುವ ಪಡೆ. ಸ್ವಾತಂತ್ರ್ಯದ ನಂತರ ಅದೇ ಆರ್ಮಿ ಸರ್ವಿಸ್ ಕೋರ್ ಆಯಿತು. ಫೋಟೋವನ್ನು ಹಿಗ್ಗಿಸಿ ನೋಡಿದಾಗ ಭುಜದ ಹಿತ್ತಾಳೆ ಪಟ್ಟಿಯಲ್ಲಿಯೂ ಅವೇ ಅಕ್ಷರ ಕಂಡವು.

ಸತ್ತವರ ಪಟ್ಟಿಯಲ್ಲಿ ಬದುಕಿದವರ ಸುಳಿವು

ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ತಾಣ ಉಚಿತ. ಸುಮಾರು 17 ಲಕ್ಷ ಜನರ ಹೆಸರಿದೆ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದು ಸತ್ತವರು ಅದರಲ್ಲಿ ಬರುತ್ತಾರೆ. ದೊಡ್ಡಜ್ಜ ಅದರಲ್ಲಿ ಇರುವ ಹಾಗೇ ಇಲ್ಲ. ಆದರೂ ಈ ಪಟ್ಟಿ ನನಗೆ ಬೇರೆ ರೀತಿ ಉಪಯೋಗಕ್ಕೆ ಬಂತು.

ನಂಬರುಗಳನ್ನು ಸಾಮಾನ್ಯವಾಗಿ ಸೇರಿದ ಕ್ರಮದಲ್ಲೇ ಕೊಡುತ್ತಿದ್ದರು. ಹಾಗಾದರೆ ದೊಡ್ಡಜ್ಜನ ನಂಬರಿನ ಆಸುಪಾಸಿನವರು ಯಾರಾದರೂ ಸತ್ತಿದ್ದರೆ, ಅವರು ಸತ್ತ ದಿನಕ್ಕಿಂತ ಮುಂಚೆಯೇ ಆ ನಂಬರ್ ಬಳಕೆಗೆ ಬಂದಿರಬೇಕು. ತುಕಡಿಯ ಹೆಸರು ಹಾಕಿ, ನಂಬರಿನ ಮೊದಲ ಕೆಲವು ಅಂಕಿ ಮಾತ್ರ ಹಾಕಿ ಹುಡುಕಿದೆ. ದೊಡ್ಡಜ್ಜನಿಗಿಂತ ಸ್ವಲ್ಪ ಮುಂದಿನ ನಂಬರಿನ ಒಬ್ಬ ಡ್ರೈವರ್ 1943ರ ಮೊದಲ ತಿಂಗಳುಗಳಲ್ಲೇ ತೀರಿಕೊಂಡಿದ್ದ. ಅಂದರೆ ದೊಡ್ಡಜ್ಜ ಅದಕ್ಕೂ ಮುಂಚೆ ಸೇರಿದ್ದಾರೆ. ತೂತಿನಲ್ಲಿ ಕಳೆದುಹೋದ ಅಂಕಿ 2 ಇರಬೇಕು ಅಥವಾ ಅದಕ್ಕಿಂತ ಚಿಕ್ಕದು. ಆ ಹುಡುಗನ ಪುಟವನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಬೆಂಗಳೂರಿನ ಅದೇ ಮೈದಾನದಲ್ಲಿ ಇಬ್ಬರೂ ಕವಾಯತು ಮಾಡಿರಬಹುದು.

ಹುಡುಕುವಾಗ ಸ್ಪೆಲ್ಲಿಂಗ್ ಒಂದು ದೊಡ್ಡ ಕಷ್ಟ. ಉದಾಹರಣೆಗೆ ತಿಮ್ಮಪ್ಪ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಪಂಜಾಬಿನ ಗುಮಾಸ್ತನೋ, ಇಂಗ್ಲಿಷ್ ಅಧಿಕಾರಿಯೋ ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾನೆ. ಟಿ ಆದ ಮೇಲೆ ಎಚ್ ಇರಬಹುದು, ಇಲ್ಲದಿರಬಹುದು. ಎಂ ಒಂದಿರಬಹುದು, ಎರಡಿರಬಹುದು. ಕೊನೆಯ ಅಪ್ಪ ಬೇರೆ ಪದವಾಗಿಯೂ ನಿಂತಿರಬಹುದು. ಊರಿನ ಹೆಸರೂ ಹಾಗೆಯೇ. ಜಿಲ್ಲೆಯ ಹೆಸರು ಅಧಿಕೃತವಾಗಿ ಶಿವಮೊಗ್ಗ ಆದದ್ದು 2014ರ ನವೆಂಬರ್ 1ರಿಂದ. ಹಳೇ ಕಾಗದದಲ್ಲೆಲ್ಲ ಶಿಮೊಗ ಎಂದೇ ಇರುತ್ತದೆ. ಸಾಗರದವರಿಗೆ ಇನ್ನೊಂದು ತೊಂದರೆ: ಮಧ್ಯಪ್ರದೇಶದಲ್ಲೂ ಒಂದು ಸಾಗರ ಇದೆ, ಅಲ್ಲಿ ದೊಡ್ಡ ಸೈನ್ಯ ಠಾಣೆಯೇ ಇದೆ. ಹುಡುಕಿದಾಗಲೆಲ್ಲ ಅಲ್ಲಿಯವರೇ ಮೊದಲು ಬರುತ್ತಾರೆ. ಹಾಗಾಗಿ ಅಡಿಷನಲ್ ಇನ್ಫರ್ಮೇಷನ್ ಎಂಬ ಜಾಗದಲ್ಲಿ ಊರಿಗಿಂತ ಮೈಸೂರು ಅಥವಾ ಶಿಮೊಗ ಎಂದು ಹಾಕುವುದು ಒಳ್ಳೆಯದು. ಹೊನ್ನಾಳಿ, ಚನ್ನಗಿರಿ ಕಡೆಯವರೂ ಶಿಮೊಗ ಎಂದೇ ಹುಡುಕಬೇಕು. ಆ ತಾಲ್ಲೂಕುಗಳು ದಾವಣಗೆರೆ ಜಿಲ್ಲೆಗೆ ಹೋದದ್ದು 1997ರಲ್ಲಿ.

ಮೊದಲನೇ ಯುದ್ಧದವರನ್ನು ಈ ತಾಣದಲ್ಲಿ ಹುಡುಕಿ ಸಿಗದಿದ್ದರೆ ಸತ್ತೇ ಇಲ್ಲ ಎಂದು ತೀರ್ಮಾನಿಸಬೇಡಿ. ಆ ಕಾಲದಲ್ಲಿ ಆಫ್ರಿಕಾ ಮತ್ತು ಮಧ್ಯಪ್ರಾಚ್ಯದಲ್ಲಿ ಸತ್ತ ಎಷ್ಟೋ ಭಾರತೀಯರ, ಆಫ್ರಿಕನ್ನರ ಹೆಸರನ್ನು ಬರೆಯಲೇ ಇಲ್ಲ. ಕಮಿಷನ್ 2021ರಲ್ಲಿ ತನ್ನದೇ ವರದಿಯಲ್ಲಿ ಇದನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಬಿಳಿಯರಿಗೆ ಒಬ್ಬೊಬ್ಬರಿಗೂ ಒಂದೊಂದು ಕಲ್ಲು, ನಮ್ಮವರಿಗೆ ಬರೀ ಲೆಕ್ಕ. ಇದನ್ನು ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಪಂಜಾಬಿನವರನ್ನು ನೋಡಿ ಆಸೆಯಾಗುತ್ತದೆ. ಲಾಹೋರ್ ಮ್ಯೂಸಿಯಂನಲ್ಲಿದ್ದ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿ, ಮೊದಲನೇ ಯುದ್ಧಕ್ಕೆ ಹೋದ ಸುಮಾರು 3,20,000 ಜನರ ವಿವರವನ್ನು ಹಳ್ಳಿ ಹಳ್ಳಿಯ ಲೆಕ್ಕದಲ್ಲಿ ಆನ್‌ಲೈನ್‌ಗೆ ತರುವ ಕೆಲಸ 2021ರಲ್ಲಿ ಶುರುವಾಯಿತು. ಮೈಸೂರು ಸಂಸ್ಥಾನದ ಹಳ್ಳಿಗಳಿಗೂ ಇಂಥದ್ದೊಂದು ಆಗಬೇಕು. ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ತಾಣದಲ್ಲಿ ಆಡಳಿತದ ಕಡತಗಳು ಸಿಗುತ್ತವೆ. ಅವನ್ನು ಓದಿದರೆ ಆ ಕಾಲದ ಆಡಳಿತ ಹೇಗಿತ್ತೆಂದು ತಿಳಿಯುತ್ತದೆ, ಸಿಪಾಯಿಗಳ ಹೆಸರು ಸಿಗುವುದು ಕಷ್ಟ.

ಮುಳುಗಿದ ಊರನ್ನು ನಕ್ಷೆಯಲ್ಲಿ ಹಿಡಿದದ್ದು

ದಾಖಲೆ ಕೇಳಬೇಕಾದರೆ ಊರು ಸರಿಯಾಗಿ ಬರೆಯಬೇಕು. ಸರ್ಟಿಫಿಕೇಟಿನಲ್ಲಿ ಇಂಗ್ಲಿಷಿನಲ್ಲಿದ್ದ ಊರಿನ ಹೆಸರು ಈಗಿನ ಯಾವ ನಕ್ಷೆಯಲ್ಲೂ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲು 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು ಕೂಡ ಅದೇ ನೀರಿನಲ್ಲಿ ಮುಳುಗಿತು. ಅಂಥದ್ದರಲ್ಲಿ ಹತ್ತು ಮನೆಯ ಊರು ಯಾವ ಲೆಕ್ಕ?

ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ಅಮೆರಿಕದ ಸೈನ್ಯ 1950ರ ದಶಕದಲ್ಲಿ ಮಾಡಿದ ಭಾರತದ ನಕ್ಷೆಗಳಿವೆ. ಯು502 ಎಂಬ ಸರಣಿ, 1:2,50,000 ಅಳತೆ, ಪುಕ್ಕಟೆ ಇಳಿಸಿಕೊಳ್ಳಬಹುದು. ಸರ್ವೆ ಆಫ್ ಇಂಡಿಯಾದ ಹಳೇ ನಕ್ಷೆಗಳ ಮೇಲೆ ಮಾಡಿದ್ದು. ನಮ್ಮ ಭಾಗದ ಹಾಳೆ ತೆರೆದರೆ ಶರಾವತಿ ಸಪೂರ ಗೆರೆಯಾಗಿ ಹರಿಯುತ್ತದೆ, ಎರಡೂ ದಡದಲ್ಲಿ ಊರುಗಳಿವೆ. ಈಗ ನೀರು ಕಾಣುವ ಕಡೆಯಲ್ಲೆಲ್ಲ ಹೆಸರುಗಳು. ಆ ಚಿತ್ರವನ್ನು ಗೂಗಲ್ ಅರ್ಥ್‌ನಲ್ಲಿ ಮೇಲೆ ಹಾಸಿದೆ. ಜೋಗ ಮತ್ತು ತಾಳಗುಪ್ಪ ಎರಡೂ ಕಡೆ ಹೊಂದುವಂತೆ ಕೂರಿಸಿ, ಪಾರದರ್ಶಕ ಮಾಡಿ ನೋಡಿದೆ. ಹೊಳೆಯ ತಿರುವಿನ ಒಳಗೆ, ಸರ್ಟಿಫಿಕೇಟಿನ ಸ್ಪೆಲ್ಲಿಂಗಿಗೆ ಹತ್ತಿರದ ಹೆಸರು. ಚಿಕ್ಕಪ್ಪನಿಗೆ ತೋರಿಸಿದೆ. ಅವರು ಬೆರಳಿಟ್ಟು, "ಇದು ಹೊಳೆ ದಾಟೋ ಜಾಗ, ನಮ್ಮನೆ ಇದರ ಮೇಲಿನ ದಿಬ್ಬದಲ್ಲಿತ್ತು" ಎಂದರು. ಮುಳುಗಡೆಯಾದಾಗ ಅವರು ಸಣ್ಣ ಹುಡುಗ. ಅಂಚೆ ಕಚೇರಿ ಯಾವ ಊರಿನಲ್ಲಿತ್ತು ಎಂಬುದೂ ಅವರಿಗೆ ನೆನಪಿತ್ತು. ಅದೂ ಕಾಗದದ ಜೊತೆ ಹೊಂದಿತು.

ಕಂಪನಿಯ ದಾರಿ

ಭಾರತದ ಕಡೆಯಿಂದ ಹೋರಾಡಿದ ಪ್ರತಿ ತುಕಡಿಯೂ ತಿಂಗಳು ತಿಂಗಳು ಯುದ್ಧದ ಡೈರಿ ಬರೆಯಬೇಕಿತ್ತು. ಬರ್ಮಾ ಕಡೆಯವು ಕ್ಯೂ ಆರ್ಕೈವ್ಸ್‌ನಲ್ಲಿ ಡಬ್ಲ್ಯು.ಒ. 172 ಎಂಬ ಸಾಲಿನಲ್ಲಿವೆ. ಡೈರಿಯ ಹಾಳೆಗಳು ಆನ್‌ಲೈನ್‌ನಲ್ಲಿ ಇಲ್ಲ, ಆದರೆ ಅವುಗಳ ಪಟ್ಟಿ ಇದೆ. ಅದರಲ್ಲಿ ಆರ್.ಐ.ಎ.ಎಸ್.ಸಿ. ಕಂಪನಿಗಳನ್ನು ಸಂಖ್ಯೆಯ ಪ್ರಕಾರ ಹುಡುಕಬಹುದು. ದೊಡ್ಡಜ್ಜನ ಕಂಪನಿ ಸಿಕ್ಕಿತು. ದುಡ್ಡು ಕಟ್ಟಿ ಪ್ರತಿ ತರಿಸಿದೆ. ಅಗ್ಗವೇನಲ್ಲ, ನಮ್ಮ ದಾಯಾದಿಗಳೆಲ್ಲ ಸೇರಿ ಹಾಕಿದೆವು.

ಡೈರಿ ಓದಲು ಮೊದಲು ಬೇಜಾರಾಗುತ್ತದೆ. ಎಡಗಡೆ ಊರು, ತಾರೀಕು. ಬಲಗಡೆ ಎಷ್ಟು ಲಾರಿ ಓಡಿದವು, ಎಷ್ಟು ಕೆಟ್ಟು ನಿಂತವು, ಎಷ್ಟು ಟನ್ ಸಾಗಿಸಿದರು. ಸಿಪಾಯಿಗಳ ಹೆಸರು ಇಲ್ಲ. ಆದರೆ 1944ರ ಹಾಳೆಗಳಿಗೆ ಬಂದಾಗ ಊರುಗಳು ಮಾತಾಡಲು ಶುರು ಮಾಡಿದವು. ದಿಮಾಪುರ. ಕೊಹಿಮಾ. ದಿಮಾಪುರದಲ್ಲಿ ಸಾಮಾನು ರೈಲಿನಿಂದ ಇಳಿಯುತ್ತಿತ್ತು, ಅಲ್ಲಿಂದ ಕೊಹಿಮಾ ದಾಟಿ ಇಂಫಾಲಕ್ಕೆ ಒಂದೇ ಗುಡ್ಡದ ರಸ್ತೆ. ಜಪಾನಿಯರು ಆ ರಸ್ತೆಯನ್ನೇ ಕತ್ತರಿಸಿದರು. ಕೊಹಿಮಾದ ಕಾಳಗ ಏಪ್ರಿಲ್ 4ರಿಂದ ಜೂನ್ 22ರವರೆಗೆ ನಡೆಯಿತು. ಅಷ್ಟು ದಿನ ಇಂಫಾಲಕ್ಕೆ ವಿಮಾನದಲ್ಲೇ ಅಕ್ಕಿ, ಗುಂಡು. ಜೂನ್ 22ರಂದು 109ನೇ ಮೈಲಿಗಲ್ಲಿನ ಹತ್ತಿರ ಕೊಹಿಮಾ ಕಡೆಯಿಂದಲೂ ಇಂಫಾಲದ ಕಡೆಯಿಂದಲೂ ಬಂದ ನಮ್ಮ ಪಡೆಗಳು ಕೂಡಿಕೊಂಡವು, ರಸ್ತೆ ತೆರೆಯಿತು, ಲಾರಿಗಳು ಓಡಿದವು. ಆ ಹೊತ್ತಿಗೆ ಅಲ್ಲಿ ಮಳೆಗಾಲ. ಆಗುಂಬೆ ಘಾಟಿಯಲ್ಲಿ ಆಷಾಢದ ಮಳೆಗೆ ಲಾರಿ ಓಡಿಸಿದವರಿಗೆ ಆ ಕೆಲಸ ಏನು ಅಂತ ಹೇಳಬೇಕಾಗಿಲ್ಲ. ಮಣ್ಣು ಕುಸಿಯುತ್ತದೆ, ರಸ್ತೆಯ ಅಂಚು ಕಾಣುವುದಿಲ್ಲ.

ಆಮೇಲೆ ಕಂಪನಿ ಬರ್ಮಾದೊಳಗೆ ಇಳಿಯಿತು. ಕೊನೆಯ ಹಾಳೆಗಳಲ್ಲಿ, ಯುದ್ಧ ನಿಂತ ಮೇಲೆ, ಮಲಯದ (ಈಗಿನ ಮಲೇಷ್ಯಾದ) ಊರುಗಳ ಹೆಸರು ಬಂದವು. ಕೊನೆಗೆ ಸಿಂಗಾಪುರವೂ ಬಂತು. ಬರ್ಮಾ ಸ್ಟಾರಿನ ಲೆಕ್ಕ 1945ರ ಸೆಪ್ಟೆಂಬರ್ 2ಕ್ಕೆ ಮುಗಿಯುತ್ತದೆ. ಆಮೇಲೆ ಅಲ್ಲಿಗೆ ಹೋದದ್ದಕ್ಕೆ ಪದಕದಲ್ಲಿ ಗುರುತಿಲ್ಲ. ಅಜ್ಜಿಯ ಮಾತೂ ಸರಿ, ಪದಕವೂ ಸರಿ.

ಲಾಂಗ್ ರೋಲ್

ಸಾಮಾನ್ಯ ಸಿಪಾಯಿಗಳ ಸೇವಾ ಪುಸ್ತಕ ಲಂಡನ್ನಿನಲ್ಲಿ ಸಿಗುವುದಿಲ್ಲ. ಅವು ಇಲ್ಲಿಯೇ, ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ಉಳಿದವು. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ. ಮದ್ರಾಸ್ ಸ್ಯಾಪರ್ಸ್, ಪಯೊನಿಯರ್ ಕೋರ್, ದಕ್ಷಿಣ ಭಾಗದ ಆರ್ಮಿ ಸರ್ವಿಸ್ ಕೋರ್ ಇವರದ್ದು ಬೆಂಗಳೂರಿನಲ್ಲಿ.

ಇಲ್ಲಿ ಒಂದು ವಿಷಯ ತಿಳಿದಿರಲೇಬೇಕು. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಕಾಗದಗಳನ್ನು 25 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡುವ ನಿಯಮ ಇದೆ. 1946ರಲ್ಲಿ ಮನೆಗೆ ಬಂದವರಲ್ಲಿ ಬಹಳ ಜನ ಪಿಂಚಣಿ ಇಲ್ಲದವರೇ. ಹಾಗಾಗಿ ಸೇವಾ ದಾಖಲೆ ಕೊಡಿ ಎಂದು ಬರೆದರೆ ನಾಶವಾಗಿದೆ ಎಂಬ ಉತ್ತರ ಬರುವ ಸಂಭವವೇ ಜಾಸ್ತಿ. ಆದರೆ ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರ್ ಉಳಿಸಿಕೊಳ್ಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ನಂಬರ್, ಹೆಸರು, ಊರು, ಸೇರಿದ ದಿನ, ಬಿಟ್ಟ ದಿನ, ಕಾರಣ. ಕೇಳಬೇಕಾದದ್ದು ಅದನ್ನೇ.

ಅರ್ಜಿಯ ಮೊದಲ ಸಾಲಿನಲ್ಲೇ ನಂಬರ್, ದರ್ಜೆ, ಹೆಸರು, ತುಕಡಿ ಬರೆದೆ. ಹೆಸರನ್ನು ಸರ್ಟಿಫಿಕೇಟಿನ ಸ್ಪೆಲ್ಲಿಂಗಿನಲ್ಲೇ ಬರೆದೆ, ನಾವು ಬರೆಯುವ ಸ್ಪೆಲ್ಲಿಂಗಿನಲ್ಲಿ ಅಲ್ಲ. ಲಾಂಗ್ ರೋಲಿನ ಆ ಸಾಲಿನ ಪ್ರತಿ ಕೊಡಿ ಎಂದು ಕೇಳಿದೆ. ಸರ್ಟಿಫಿಕೇಟಿನ ನೀಲಿ ಪದರದ ಪ್ರಿಂಟು, ಪದಕದ ಅಂಚಿನ ಫೋಟೋ, ನಾಡಕಚೇರಿಯಿಂದ ತೆಗೆಸಿದ ವಂಶವೃಕ್ಷ, ನನ್ನ ಗುರುತಿನ ಚೀಟಿ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿದೆ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು. 20 ವರ್ಷಕ್ಕಿಂತ ಹಳೆಯ ಸಂಗತಿಗಳನ್ನು ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ತಡೆಹಿಡಿಯುವಂತಿಲ್ಲ, 2005ರ ಕಾಯ್ದೆಯ 8(3)ನೇ ಕಲಮು ಹಾಗೆ ಹೇಳುತ್ತದೆ. ನನಗೆ ಅದು ಬೇಕಾಗಲಿಲ್ಲ.

ಉತ್ತರ ಒಂದೇ ಹಾಳೆ. ಸೇವಾ ಕಾಗದಗಳು ನಾಶವಾಗಿವೆ. ಲಾಂಗ್ ರೋಲ್ ಪ್ರಕಾರ ಸೇರಿದ್ದು 1942ರ ಅಕ್ಟೋಬರ್. ಬಿಡುಗಡೆಯ ತಾರೀಕು ಸರ್ಟಿಫಿಕೇಟಿನಲ್ಲಿದ್ದದ್ದೇ. ಊರಿನ ಹೆಸರಿನ ಕೊನೆಯಲ್ಲಿ ಒಂದು ಅಕ್ಷರ ಜಾಸ್ತಿ. ಚಿಕ್ಕಪ್ಪ ಉಚ್ಚರಿಸುವ ರೀತಿಗೆ ಅದೇ ಹತ್ತಿರ.

ಈಗ ಎಲ್ಲವೂ ಒಂದು ಫೋಲ್ಡರಿನಲ್ಲಿದೆ. ಮೂಲ ಫೋಟೋ ಬೇರೆ, ತಿದ್ದಿದ್ದು ಬೇರೆ. ಫೈಲಿನ ಹೆಸರಲ್ಲೇ ವರ್ಷ ಮತ್ತು ಎಲ್ಲಿಂದ ಬಂತು ಎಂಬುದಿದೆ. ಮೂರು ಮನೆಯಲ್ಲಿ ಪೆನ್‌ಡ್ರೈವ್ ಪ್ರತಿ ಇದೆ. ಮೂಲ ಕಾಗದವನ್ನು ಹಳೇ ಬಿಳಿ ಹತ್ತಿ ಪಂಚೆಯಲ್ಲಿ ಸುತ್ತಿ ಇಟ್ಟಿದ್ದೇವೆ. ಪ್ಲಾಸ್ಟಿಕ್ ಕವರಿನಲ್ಲಿ ಇಡಲಿಲ್ಲ, ಒಳಗೆ ಬೆವರುತ್ತದೆ.

ಸುದ್ದಿ ಕೇಳಿ ರಿಪ್ಪನ್‌ಪೇಟೆ ಕಡೆಯ ಒಬ್ಬ ಪರಿಚಯದವರು ತಮ್ಮ ಮನೆಯ ನಕ್ಷತ್ರವೊಂದನ್ನು ತಂದು ತೋರಿಸಿದರು. ನಡುವಿನ ವೃತ್ತದಲ್ಲಿ ಪೆಸಿಫಿಕ್ ಎಂದಿದೆ, ಹಿಂಬದಿಯಲ್ಲಿ ಮೈಸೂರು ಇನ್‌ಫೆಂಟ್ರಿ ಎಂದು ಓದಬಹುದು. ಅವರ ಮನೆಯ ಹಿರಿಯರು ಊರಿಗೆ ಬರಲೇ ಇಲ್ಲವಂತೆ. ಮೊದಲು ಕ್ರಾಂಜಿಯ ಪಟ್ಟಿ ನೋಡುತ್ತೇವೆ, ಆಮೇಲೆ ಬೆಂಗಳೂರಿನ ಪತ್ರಾಗಾರ. ಅವರಿಗೆ ನಂಬರ್ ಬರೆದುಕೊಟ್ಟಿದ್ದೇನೆ, ಮನೆಯಲ್ಲಿ ಮನಿಯಾರ್ಡರ್ ರಸೀದಿಗಳೇನಾದರೂ ಇದ್ದರೆ ತರಲು ಹೇಳಿದ್ದೇನೆ.